ಹಕ್ಕಿಗೆ ಕಂಡ ದಕ್ಷಿಣ

ಸಂಶೋಧನಾಲಯದಲ್ಲಿ ಎಲ್ಲರೂ ಅವಳನ್ನು ದಿಕ್ಸೂಚಿ ಮೇಡಂ ಎಂದೇ ಕರೆಯುತ್ತಿದ್ದರು. ಎದುರಿಗೆ ಗೌರವ, ಬೆನ್ನ ಹಿಂದೆ ಕಿಸಿಕಿಸಿ ನಗು. ಭೂಮಿಯ ಕಾಂತಶಕ್ತಿ ವಲಸೆ ಹಕ್ಕಿಗೆ ತಿಳಿಯುತ್ತದೆ, ಅದನ್ನು ನೆಚ್ಚಿಕೊಂಡೇ ಅದು ದಾರಿ ಹಿಡಿಯುತ್ತದೆ ಎಂದು ಅವಳು ಹಟ ಹಿಡಿದು ಕೂತಿದ್ದಳು. ಹಕ್ಕಿಗಳು ಮಾತ್ರ ಒಂದು ದಿನವೂ ಅವಳ ಪರ ಸಾಕ್ಷಿ ಹೇಳಿರಲಿಲ್ಲ. ನಾಳೆ ಅವಳ ಕೆಲಸ ಪರಿಶೀಲಿಸುವ ಸಮಿತಿ ಸೇರಿದರೆ ಪ್ರಯೋಗದ ಕೋಣೆ ಬೇರೆಯವರ ಪಾಲಾಗುತ್ತಿತ್ತು, ಅವಳ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ.

ಆ ಸಮಿತಿಯ ಹಿರಿಯರು ಬೇರೆ ಯಾರೂ ಅಲ್ಲ, ಅವಳಿಗೆ ಪಾಠ ಹೇಳಿದ ಗಡಿಯಾರ ಮೇಷ್ಟ್ರು. ಜೀವಿಗಳ ಮೈಯೊಳಗೆ ಹಗಲಿರುಳನ್ನು ಅಳೆಯುವ ಗಡಿಯಾರವಿದೆಯಲ್ಲ, ಬದುಕಿಡೀ ಅದರ ಬೆನ್ನು ಹತ್ತಿದವರು. ತೀರ್ಪು ಕೊಡುವ ಮೊದಲು ಕಣ್ಣಾರೆ ನೋಡೋಣ ಎಂದು ಆ ಸಂಜೆ ತಾವೇ ಬಂದರು. ಅವಳು ಬಾಗಿಲಲ್ಲೇ ಅವರ ಕೀಲಿಕೈ, ಪೆನ್ನು, ಬೆಲ್ಟು ಎಲ್ಲ ತೆಗೆಸಿದಳು. ಆ ಕೋಣೆಯೊಳಗೆ ಕಬ್ಬಿಣದ ಸೂಜಿಗೂ ಪ್ರವೇಶವಿರಲಿಲ್ಲ.

“ಪ್ಯಾಂಟ್ ಜಾರಿದ್ರೆ ನಿನ್ನ ವಿಜ್ಞಾನಾನೇ ಹೊಣೆ ನೋಡಮ್ಮ,” ಎಂದರು ಮೇಷ್ಟ್ರು.

ಒಳಗೆ ಆಳೆತ್ತರದ ಮರದ ಚೌಕಟ್ಟು, ಅದರ ಸುತ್ತ ತಾಮ್ರದ ತಂತಿಯ ಸುರುಳಿ. ನಡುವೆ ಕಾಗದ ಹೊದಿಸಿದ, ಆಲಿಕೆಯಂತೆ ಅಗಲ ಬಾಯಿಯ ಪಂಜರ. ಹಾರಿಹೋಗುವ ಕಾಲ ಬಂದಾಗ ಹಕ್ಕಿ ಸುಮ್ಮನೆ ಕೂರುವುದಿಲ್ಲ. ಹೋಗಬೇಕೆಂದ ಕಡೆಗೇ ನೆಗೆನೆಗೆದು ಕಾಗದ ಗೀಚುತ್ತದೆ. ಮೇಲೊಂದು ಕೆಂಪು ದೀಪ. ಕೆಂಪು ಬೆಳಕು ಮೈಯೊಳಗಿನ ಗಡಿಯಾರಕ್ಕೆ ಮುಟ್ಟುವುದಿಲ್ಲ, ಆದ್ದರಿಂದ ಪ್ರಾಣಿಯ ಜೊತೆ ಕೆಲಸವೆಂದರೆ ಕೆಂಪು ದೀಪವೇ ಎಂದು ಕಲಿಸಿದವರು ಮೇಷ್ಟ್ರು. ಅವಳಿಗೆ ಅದು ವೇದವಾಕ್ಯ.

ನಿಂಬೆಹಣ್ಣಿನಷ್ಟೂ ತೂಕವಿಲ್ಲದ ಹಕ್ಕಿಯನ್ನು ಪಂಜರಕ್ಕೆ ಬಿಟ್ಟಳೋ ಇಲ್ಲವೋ, ದೀಪ ಟಪ್ಪೆಂದು ಆರಿತು. ತಡಕಾಡಿದರೆ ಕಪಾಟಿನಲ್ಲಿ ಸಿಕ್ಕಿದ್ದು ಒಂದು ಹಸಿರು ಬಲ್ಬು.

“ಬೇಡಮ್ಮ. ಹಸಿರು ಬೆಳಕು ಬಿದ್ರೆ ಅದರ ಗಡಿಯಾರ ಕೆಡುತ್ತೆ. ಇವತ್ತಿನ ಪ್ರಯೋಗ ದಂಡ.”

“ಇಷ್ಟು ದಿನದ್ದೂ ದಂಡಾನೇ ಅಲ್ವಾ ಸರ್?” ಎನ್ನುತ್ತ ಅವಳು ಸ್ಟೂಲು ಹತ್ತಿ ಬಲ್ಬು ಸಿಕ್ಕಿಸಿದಳು.

ಸ್ವಲ್ಪ ಹೊತ್ತಾದ ಮೇಲೆ ಕಾಗದ ತೆಗೆದು ಮೇಜಿನ ಮೇಲೆ ಹರಡಿದಳು. ದಿನವೂ ಅದು ಕೋಳಿ ಕೆದರಿದ ತಿಪ್ಪೆಯಂತೆ ಇರುತ್ತಿತ್ತು. ಇಂದು ಗೀರುಗಳೆಲ್ಲ ಬಾಗಿಲ ಕಡೆಗೇ, ಅಂದರೆ ಚಳಿಗೆ ಮುನ್ನ ಆ ಹಕ್ಕಿ ಹೋಗಬೇಕಾದ ದಕ್ಷಿಣಕ್ಕೇ.

“ಬಾಗಿಲ ಸಂದಿಯಿಂದ ಗಾಳಿ ಬಂದಿರ್ಬೇಕು,” ಎಂದರು ಮೇಷ್ಟ್ರು. ಅಷ್ಟು ಸುಲಭಕ್ಕೆ ಬಗ್ಗುವ ಕುಳವಲ್ಲ.

“ಗಾಳಿ ಇದ್ದಲ್ಲೇ ಇರ್ಲಿ ಸರ್. ಉತ್ತರಾನೇ ತಿರುಗಿಸ್ತೀನಿ.”

ಹೊಸ ಕಾಗದ ಹೊದಿಸಿ ಸ್ವಿಚ್ ಒತ್ತಿದಳು. ಸದ್ದಿಲ್ಲ, ಮಿಂಚಿಲ್ಲ. ಆದರೆ ತಂತಿಯಲ್ಲಿ ವಿದ್ಯುತ್ ಹರಿದು, ಸುರುಳಿಯೊಳಗಿನ ಕಾಂತದ ಉತ್ತರ ಈಗ ಪೂರ್ವಕ್ಕೆ, ದಕ್ಷಿಣ ಪಶ್ಚಿಮಕ್ಕೆ ಸರಿದಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಮೇಲಿನಿಂದ ಇಣುಕಿದರು. ಹಕ್ಕಿ ಒಮ್ಮೆ ಸುಮ್ಮನಾಯಿತು. ಕತ್ತು ಆ ಕಡೆ ಈ ಕಡೆ ಹೊರಳಿಸಿತು. ಆಮೇಲೆ ಪಶ್ಚಿಮದಲ್ಲಿದ್ದ ಸಿಂಕಿನ ಕಡೆಗೆ ನೆಗೆಯಿತು. ಮತ್ತೆ ಅಲ್ಲಿಗೇ. ಮತ್ತೆ ಅಲ್ಲಿಗೇ. ಸ್ವಿಚ್ ಆರಿಸಿದಳು, ಬಾಗಿಲ ಕಡೆ. ಒತ್ತಿದಳು, ಸಿಂಕಿನ ಕಡೆ.

“ಸರ್, ಅದು ಕಣ್ಣಲ್ಲೇ ನೋಡ್ತಿದೆ!” ಅವಳಿಗೆ ಅಳು ಬಂತು. “ದಿಕ್ಕು ಕಾಣೋಕೂ ಬೆಳಕು ಬೇಕು. ಗಡಿಯಾರಕ್ಕೆ ಮುಟ್ಟದ ಕೆಂಪು ಬೆಳಕು ಇದಕ್ಕೂ ಮುಟ್ಟಲ್ಲ. ಇಷ್ಟು ದಿನ ಪಾಪ, ಕತ್ತಲಲ್ಲಿ ಕೂರಿಸಿ ದಾರಿ ಹೇಳು ಅಂತಿದ್ದೆ!”

ಮೇಷ್ಟ್ರು ಸುರುಳಿಯೊಳಗೆ ಹೋಗಿ ಹಕ್ಕಿಯ ಪಕ್ಕ ನಿಂತು ಕಣ್ಣು ಮುಚ್ಚಿದರು. ಹಾಕು ಎಂದರು, ಹಾಕಿದಳು. ತೆಗಿ ಎಂದರು, ತೆಗೆದಳು. ಅದೇ ಶಕ್ತಿ ಅವರ ಎಲುಬು, ಗುಂಡಿಗೆ, ತಲೆಬುರುಡೆ ಎಲ್ಲವನ್ನೂ ಹಾಯ್ದು ಹೋಗುತ್ತಿತ್ತು. ಅಷ್ಟು ಓದಿದ ಮನುಷ್ಯ ಅದರ ನಡುವೆ ಮರದ ಕೊರಡಿನಂತೆ ನಿಂತಿದ್ದರು.

“ನನಗೇನೂ ತಿಳೀತಿಲ್ಲ ಕಣಮ್ಮ,” ಎಂದರು ಕೊನೆಗೆ. “ಸಣ್ಣ ವಯಸ್ಸಿನಲ್ಲಿ ನಾನೂ ಈ ಪ್ರಯೋಗ ಮಾಡಿದ್ದೆ. ಹಕ್ಕಿಗಳಿಗೆ ಇಂಥ ಶಕ್ತಿ ಇಲ್ಲ ಅಂತ ಬರೆದು ಕೈತೊಳ್ಕೊಂಡೆ.”

“ಯಾವ ದೀಪದಲ್ಲಿ ಸರ್?” ಕೇಳಿದ ಮೇಲೆ, ಕೇಳಬಾರದಿತ್ತು ಎನಿಸಿತು ಅವಳಿಗೆ.

ಅವರು ಕಣ್ಣು ತೆರೆದು ಹಕ್ಕಿಯನ್ನು ನೋಡಿದರು. “ನಾಳೆ ಸಮಿತಿ ಮುಂದೆ ಮೊದ್ಲು ಅದನ್ನೇ ಹೇಳ್ತೀನಿ. ಈಗ ಇನ್ನೊಂದ್ಸಲ ತಿರುಗಿಸಮ್ಮ, ನೋಡೋಣ.”