ಪೂಜೆಗೆ ಕೂತ ಸುತ್ತಿಗೆ

ವಿಶಾಖಾಗೆ ಈ ವರ್ಷ ಆಯುಧ ಪೂಜೆಯ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತು. ಮೇಜಿನ ಮೇಲೆ ಬುದ್ಧನ ಪುಟ್ಟ ಮೂರ್ತಿ ಇಟ್ಟುಕೊಂಡು, ಪ್ರತಿ ಸಲ ಕಡ್ಲೆಪುರಿ ಹಂಚುವ ಹೊತ್ತಿಗಷ್ಟೇ ಹಾಜರಾಗುತ್ತಿದ್ದವಳು, ಬೆಳಗ್ಗೆಯೇ ಮಲ್ಲೇಶ್ವರದ ಮಾರ್ಕೆಟ್ಟಿನಿಂದ ಬೂದುಗುಂಬಳ, ಸೇವಂತಿಗೆ ಹೊತ್ತು ಕಚೇರಿಗೆ ಬಂದಳು.

ಎಲ್ಲ ಒಂದು ಮರಕ್ಕಾಗಿ. ಅವಳಿದ್ದ ಅರಣ್ಯ ನಿಗಮ ಮಲ್ಲೇಶ್ವರದಲ್ಲಿ ಕೂತು ನೋಡಿಕೊಳ್ಳುತ್ತಿದ್ದದ್ದು ಸಾವಿರಾರು ಎಕರೆ ತೇಗದ ಕಾಡನ್ನು. ಯಾವ ಭಾಗ ಯಾವ ವರ್ಷ ಕಡಿಯಬೇಕು, ಎಲ್ಲಿ ಮತ್ತೆ ನೆಡಬೇಕು ಎಂಬ ಯೋಜನೆ ವಿಶಾಖಾಳದು. ಅಲ್ಲೊಂದು ತಾಯಿಮರ, ನರ್ಸರಿಯ ಗಟ್ಟಿ ಸಸಿಗಳೆಲ್ಲ ಅದರ ಬೀಜದವು. ಅದನ್ನೂ ಕೆಡವಿದರೆ ಈ ವರ್ಷದ ಗುರಿ ಸಲೀಸಾಗಿ ಮುಟ್ಟುತ್ತದೆಂದು ಮೇಲಧಿಕಾರಿ ನಾಗಭೂಷಣ್ ಹಟ ಹಿಡಿದಿದ್ದರು. ಬೇಡವೆಂದು ಅವಳು ಎಷ್ಟು ಹೇಳಿದರೂ ಅವರು ಜಪ್ಪಯ್ಯ ಅನ್ನಲಿಲ್ಲ.

ಆದರೆ ನಿಗಮದ ಮೊಹರಿನ ಸುತ್ತಿಗೆಯಿಂದ ಗುರುತು ಹೊಡೆಯದೆ ಯಾವ ಮರಕ್ಕೂ ಗರಗಸ ಹಾಕುವಂತಿಲ್ಲ. ಉಳಿದ ಮರಗಳಿಗೆಲ್ಲ ಗುರುತು ಬಿದ್ದಾಗಿತ್ತು; ಇದರ ಗುರುತಿಗೆ ನಾಳೆಯೇ ಕೊನೆಯ ದಿನ. ತಪ್ಪಿದರೆ ಆ ಭಾಗದ ಸರದಿ ಮತ್ತೆ ಬರುವುದು ಮೂವತ್ತು ವರ್ಷಕ್ಕೆ. ಕಚೇರಿಯ ಬೀರುವಿನಲ್ಲಿದ್ದ ಸುತ್ತಿಗೆಯನ್ನು ಪೂಜೆ ಮುಗಿದ ಕೂಡಲೇ ಡ್ರೈವರ್ ಮುರುಗೇಶ ಕಾಡಿಗೆ ಒಯ್ಯಬೇಕಿತ್ತು.

ಇನ್ನು ನಾಗಭೂಷಣ್ ಮಹಾ ಮಡಿವಂತರು. ಪೂಜೆಗೆ ಕೂತ ವಸ್ತುವನ್ನು ಹಬ್ಬದ ರಜೆ ಮುಗಿದು ಕಚೇರಿ ತೆರೆಯುವ ತನಕ ಯಾರೂ ಮುಟ್ಟಕೂಡದು. ಹೋದ ವರ್ಷ ಸ್ಟೇಪ್ಲರ್ ಎತ್ತಿಕೊಂಡ ಗುಮಾಸ್ತ ದಾಸಪ್ಪನಿಗೆ ಎಲ್ಲರೆದುರು ಸಹಸ್ರನಾಮಾರ್ಚನೆ ಮಾಡಿದ್ದರು.

ವಿಶಾಖಾ ಸುತ್ತಿಗೆಗೆ ಎಣ್ಣೆ ಹಚ್ಚಿ ಉಜ್ಜಿ, ಹಿತ್ತಾಳೆ ತಟ್ಟೆಯಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟಳು.

"ಸರ್, ನೀವೇ ಹಿರಿಯರು. ನಿಮ್ ಕೈಯಿಂದ್ಲೇ ಆಗ್ಲಿ" ಎಂದಳು, ತಲೆ ತಗ್ಗಿಸಿ.

ನಾಗಭೂಷಣ್ ಉಬ್ಬಿಹೋದರು. ಸುತ್ತಿಗೆಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಹೂ ಮುಡಿಸಿ, ಕಣ್ಣು ಮುಚ್ಚಿ ಮಂಗಳಾರತಿ ಎತ್ತಿದರು. ಆಮೇಲೆ ಅವರು ಬಾಯಿತುಂಬ ಕಡ್ಲೆಪುರಿ ತುಂಬಿಕೊಂಡಿದ್ದಾಗ ಮುರುಗೇಶ ಬಾಗಿಲಿಗೆ ಬಂದ.

"ಸಾರ್, ಜೀಪ್ ರೆಡಿ. ಸುತ್ತಿಗೆ ಕೊಡ್ತೀರಾ?"

ಪುರಿ ಗಂಟಲಲ್ಲೇ ನಿಂತಿತು. ಅವರು ತಟ್ಟೆಯತ್ತ ಕೈ ಚಾಚಿದರು. ಇಡೀ ಕಚೇರಿ ಆ ಕೈಯನ್ನೇ ನೋಡುತ್ತಿತ್ತು. ಎಲ್ಲರಿಗಿಂತ ಮುಂದೆ ನಿಂತವನು ದಾಸಪ್ಪ. ಕೈ ಮೆಲ್ಲಗೆ ಹಿಂದಕ್ಕೆ ಬಂತು. ವಿಶಾಖಾಗೆ ಅಲ್ಲೇ ಕುಣಿದುಬಿಡುವಷ್ಟು ಖುಷಿಯಾಯಿತು. ತುಟಿ ಕಚ್ಚಿ ತಡೆದುಕೊಂಡಳು.

ನಾಗಭೂಷಣ್ ಅವಳನ್ನು ದುರುಗುಟ್ಟಿ ನೋಡಿದರು. "ಏನ್ರೀ, ನಿಮ್ಮನೇಲೂ ಆಯುಧ ಪೂಜೆ ಮಾಡ್ತೀರಾ?"

"ಇಲ್ಲ ಸರ್. ನಮ್ಮನೇಲಿ ಮರದ ಕೆಳಗೆ ಕೂತಿದ್ದೋರಿಗೆ ಕೈ ಮುಗೀತೀವಿ. ಇನ್ನೊಂಚೂರು ಪುರಿ ಹಾಕ್ಲಾ?"