ಟೇಪು ಸುತ್ತಿದ ತಂತಿ

ಅಣ್ಣ ಬಿಚ್ಚಿ ಧೂಳು ಒರೆಸಿಕೊಟ್ಟ ಮರುದಿನವೇ ನನ್ನ ಮೈಕ್ರೋವೇವ್ ಓವನ್ ಬಿಸಿ ಮಾಡುವುದನ್ನು ನಿಲ್ಲಿಸಿತು. ದೀಪ ಉರಿಯುತ್ತಿತ್ತು, ತಟ್ಟೆ ತಿರುಗುತ್ತಿತ್ತು. ಅಜ್ಜಿಯ ಕತೆಯ ರಾಕ್ಷಸನಂತೆ ಜೀವ ಮಾತ್ರ ಬೇರೆಲ್ಲೋ ಇತ್ತು. ಚಾಕೊಲೇಟ್ ಕರಗಲೇ ಇಲ್ಲ.

“ಇದು ಸತ್ತೋಯ್ತು ಕಣೇ. ಚಾಕೊಲೇಟ್ ಮಾರೋ ಹುಚ್ಚು ಬಿಟ್ಟು ನನ್ನ ಅಂಗಡೀಲಿ ಬಂದು ಕೂತ್ಕೋ,” ಎಂದ ಎಲೆಕ್ಟ್ರಿಷಿಯನ್ ಅಣ್ಣ.

ಮನಸ್ಸೊಪ್ಪದೆ ಬೇರೊಬ್ಬ ರಿಪೇರಿಯವರನ್ನು ಕರೆಸಿದೆ. ಓವನ್ ಬಿಚ್ಚಿ ನೋಡಿದ ಅವರು ನಕ್ಕರು.

“ಏನೂ ಸುಟ್ಟಿಲ್ಲಮ್ಮ. ಯಾರೋ ಬೇಕಂತಲೇ ತಂತಿ ಕಿತ್ತು, ತುದಿಗೆ ನೀಟಾಗಿ ಟೇಪು ಸುತ್ತಿದ್ದಾರೆ. ನಿಮಗೆ ಶಾಕ್ ಹೊಡೀಬಾರ್ದು ಅನ್ನೋ ಕಾಳಜಿ ಬೇರೆ!”

ನಾನು ನಗಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ.

“ನಿನ್ನ ಒಳ್ಳೇದಕ್ಕೇ ಮಾಡ್ದೆ ಪುಟ್ಟಿ,” ಎಂದ.

“ಇನ್ಮೇಲೆ ಮನೆಗೆ ಬಂದ್ರೆ ಬರಿಗೈಲಿ ಬಾ ಅಣ್ಣ. ಸ್ಕ್ರೂಡ್ರೈವರ್ ತರಬೇಡ.”