ಆರೂವರೆಯ ಬಿಸಿಲು

ಕಿಟಕಿ ಇನ್ನೂ ಬೂದುಬಣ್ಣದಲ್ಲೇ ಇದೆ, ಗಂಟೆ ಆರೂ ಮುಕ್ಕಾಲು, ರಸ್ತೆಯಾಚೆಯ ಕಟ್ಟಡಕ್ಕೆ ನೆತ್ತಿಯಿಂದ ಕಾಲಿನವರೆಗೆ ಬಿಸಿಲು, ಈ ಮದುವೆ ಹಾಲ್‌ನೊಳಗೆ ಮಾತ್ರ ಒಂದು ಚೂರೂ ಇಲ್ಲ, ಮೋಡವಿರಬೇಕು ಎಂದು ಅವಳು ಮೂರನೆಯ ಸಲ ಆಕಾಶ ನೋಡಿದಳು, ಎಲ್ಲಿಯ ಮೋಡ, ತೊಳೆದಿಟ್ಟ ತಟ್ಟೆಯ ಹಾಗಿದೆ — ನಾಳೆ ಇಷ್ಟು ಹೊತ್ತಿಗೆ ತಂಗಿಯ ಆರತಕ್ಷತೆ ಶುರುವಾಗಿರುತ್ತದೆ, ಎಂಬತ್ತು ಜನ, ಎಂಬತ್ತೂ ಜನರದ್ದು ಒಂದೇ ಪ್ರಶ್ನೆ, ಬೆಳಿಗ್ಗೆ ಆರೂವರೆಗೆ ಯಾರಮ್ಮಾ ರಿಸೆಪ್ಷನ್ ಇಟ್ಕೋತಾರೆ, ಹಲ್ಲುಜ್ಜಿ ಬರಬೇಕಾ ಇಲ್ಲಾ ಅಲ್ಲೇ ಬ್ರಷ್ ಕೊಡ್ತೀರಾ ಎಂದ ಸೋದರಮಾವ, ತನ್ನ ಜೋಕಿಗೆ ತಾನೇ ನಕ್ಕ, ಅಡುಗೆಯವನು ಮೂರಕ್ಕೇ ಏಳಬೇಕಲ್ಲ ಎಂದು ಮುಖ ಊದಿಸಿಕೊಂಡ — ಎಷ್ಟು ಜನಕ್ಕೆಂದು ಬಿಡಿಸಿ ಹೇಳುವುದು, ಅಪ್ಪನಿಗೆ ದೀಪದ ಬೆಳಕಿನಲ್ಲಿ ಮುಖಗಳೆಲ್ಲ ಬರೀ ಹೊಗೆ, ಎದುರಿನವರ ಮುಖಕ್ಕೆ ಬಿಸಿಲು ಬಿದ್ದರೆ ಮಾತ್ರ ಕಣ್ಣು ಮೂಗು ಕಾಣುತ್ತದೆ, ಅದೂ ಎದ್ದ ಮೇಲಿನ ಎರಡು ತಾಸು, ಆಮೇಲೆ ಕಣ್ಣು ಸೋತು ನೀರು ಸುರಿಯುತ್ತದೆ, ಮುಂದಿನ ವರ್ಷಕ್ಕೆ ಅದೂ ಇರುವುದಿಲ್ಲ ಎಂದಿದ್ದಾರೆ ಡಾಕ್ಟರು, ಅಪ್ಪ ನನ್ನನ್ನ ನೋಡ್ಬೇಕಕ್ಕ, ಅಷ್ಟೇ, ಮಿಕ್ಕಿದ್ದು ನೀನು ಹೇಗೆ ಮಾಡಿದ್ರೂ ಸರಿ ಎಂದಿದ್ದಳು ತಂಗಿ, ಮಿಕ್ಕಿದ್ದು ಅಂದರೆ ಎಲ್ಲವೂ, ಮದುವೆ ಅವಳದ್ದು, ತಲೆನೋವು ಇವಳದ್ದು.

ಕಾವಲುಗಾರ ಪೊರಕೆ ಊರಿಕೊಂಡು ನಿಂತು ನೋಡುತ್ತಿದ್ದಾನೆ, ಬಿಸಿಲಾ ಮೇಡಂ, ಇಲ್ಲಿಗೆ ಬರೋದು ಸಂಜೆ, ಐದರ ಮೇಲೆ ಕಣ್ಣು ಬಿಡಕ್ಕಾಗಲ್ಲ — ಸಂಜೆ, ಹೌದು, ಹಾಲ್ ನೋಡಲು ಅವಳು ಬಂದದ್ದು ಆಫೀಸು ಬಿಟ್ಟ ಮೇಲೆ, ಐದೂವರೆಗೆ, ನೆಲದ ಮೇಲೆ ಚಾಪೆ ಹಾಸಿದಂತೆ ಹಳದಿ ಚೌಕ, ಅದರ ನಡುವೆ ನಿಂತು ತಂಗಿಗೆ ಫೋನು ಮಾಡಿದ್ದಳು, ಬೆಳಕು ಸುರೀತಿದೆ ಕಣೇ, ಕುರ್ಚಿ ಇಡುವ ಜಾಗಕ್ಕೆ ಸೀಮೆಸುಣ್ಣದ ಗುರುತೂ ಹಾಕಿದ್ದಳು, ಗುರುತು ಇನ್ನೂ ಹಾಗೇ ಇದೆ, ಇವನು ಗುಡಿಸುವುದು ಅಷ್ಟರಲ್ಲೇ ಇದೆ — ಸೂರ್ಯ ಎಲ್ಲಿ ಹುಟ್ಟುತ್ತಾನೆಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು, ಮೂರು ವಾರ ಊರಿಗೆಲ್ಲ ಬುದ್ಧಿ ಹೇಳಿದವಳು, ಪಟ್ಟಿ ಓದದ ಅಡುಗೆಯವನಿಗೆ, ತಾರೀಕು ತಪ್ಪು ಅಚ್ಚು ಹಾಕಿದ ಪ್ರೆಸ್ಸಿನವನಿಗೆ, ತನಗೇ ಇದು ಹೊಳೆಯಲಿಲ್ಲ — ಹಾಗಾದರೆ ಬೆಳಗಿನ ಬಿಸಿಲು ಎಲ್ಲಿ ಬೀಳುತ್ತಪ್ಪಾ, ಹಿಂದೆ ಮೇಡಂ, ಪಾತ್ರೆ ತೊಳೆಯೋ ಕಡೆ — ಅಷ್ಟರಲ್ಲಿ ಫೋನು, ಅಪ್ಪ, ಎಲ್ಲಿ ಕೂರಿಸ್ತೀಯಮ್ಮ ನನ್ನ, ಮುಂಚೇನೇ ಹೇಳು, ಇವತ್ತು ಹಾಗೇ ಕೂತು ಅಭ್ಯಾಸ ಮಾಡ್ಕೋತೀನಿ, ನೋಡಿ ಹೇಳ್ತೀನಪ್ಪ, ನೋಡ್ತಾ ಇದ್ದೀನಿ, ಎನ್ನುತ್ತಲೇ ಅವಳು ಹಿಂದಕ್ಕೆ ನಡೆದಳು — ಒದ್ದೆ ನೆಲ, ಕವುಚಿಟ್ಟ ಪಾತ್ರೆಗಳು, ಸೋರುವ ನಲ್ಲಿ, ನಾಳೆ ಎಂಬತ್ತು ಜನ ಮುಂಭಾಗದಲ್ಲಿ ಖಾಲಿ ವೇದಿಕೆ ನೋಡುತ್ತ ಕೂತಿರುತ್ತಾರೆ, ಮದುಮಗಳು ಇಲ್ಲಿ, ಹೊಸ ಬಟ್ಟೆ ಮೊಣಕಾಲಿಗೆ ಎತ್ತಿ ಹಿಡಿದು, ಸೋದರಮಾವನಿಗೆ ಸಾಯುವತನಕ ಸಾಕಾಗುವಷ್ಟು ಜೋಕು, ನಗಲಿ, ಅವಳು ಒಂದು ಕುರ್ಚಿ ಎಳೆದು ತಂದು ಬಿಸಿಲು ಒಳಬರುವ ಹಿಂಬಾಗಿಲಿಗೆ ಬೆನ್ನು ಮಾಡಿ ಇಟ್ಟಳು, ಕೂತಳು, ಅಪ್ಪನ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು — ತೊಟ್ಟಿಯ ಪಕ್ಕ, ಗೋಡೆಯ ಮೇಲೆ, ಹಳದಿ ಚೌಕ, ಒಬ್ಬಳು ನಿಲ್ಲುವಷ್ಟೇ ಅಗಲ, ಹಳದಿ ಚೌಕ